ಸಹಿ ಮಾಡಿದವನು ಮೊದಲು ಹತ್ತಬೇಕು

ನವೆಂಬರ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಏಳೂವರೆಗೆ ಹುಬ್ಬಳ್ಳಿಯಿಂದ ಹೊರಟೆ. ಕೈಚೀಲದಲ್ಲಿ ಎರಡು ಜೊತೆ ಬಟ್ಟೆ, ರಕ್ತದೊತ್ತಡದ ಗುಳಿಗೆ, ಒಂದು ನೋಟ್‌ಬುಕ್ಕು, ಕವರಿನಲ್ಲಿ ಒಂದು ಹಳೆಯ ಫೋಟೊ. ಹೋಗಬೇಕಾದ ಊರು ಹಿರೇಕೆರೂರು. ಹಾವೇರಿ ಮೇಲೆ ನೇರವಾಗಿ ಹೋದರೆ ಮಧ್ಯಾಹ್ನದ ಊಟಕ್ಕೆ ಮುಟ್ಟಬಹುದು. ನಾನು ಎರಡು ದಿನ ತೆಗೆದುಕೊಂಡೆ. ಯಾಕೆ ಎಂಬುದನ್ನು ಮುಚ್ಚಿಡುವುದಿಲ್ಲ. ಮುಚ್ಚಿಟ್ಟು ಮೂವತ್ತೊಂದು ವರ್ಷವಾಯಿತು, ಸಾಕು.

ಮನೆಯಲ್ಲಿ ಹೇಳಿದ ಕಾರಣ ಬೇರೆ. ನಮ್ಮ ಮಾಜಿ ಸೈನಿಕರು ಒಂದು ಸ್ಮರಣ ಸಂಚಿಕೆ ತರುತ್ತಿದ್ದಾರೆ. ಭೂಸೇನೆಯೊಳಗಿನ ವಿಮಾನ ದಳದ ಬಗ್ಗೆ ನಾಲ್ಕು ಪುಟ ಬರೆದುಕೊಡು ಎಂದು ನನಗೆ ಹೇಳಿದ್ದರು. ಇಪ್ಪತ್ತೆರಡು ವರ್ಷ ಆ ದಳದಲ್ಲಿ ಹೆಲಿಕಾಪ್ಟರ್ ಮೆಕ್ಯಾನಿಕ್ ಆಗಿದ್ದವನು ನಾನು. ಸುತ್ತಲಿನ ತಾಲೂಕುಗಳಲ್ಲಿ ಇರುವ ಹಳಬರನ್ನು ಕಂಡು, ಕೇಳಿ, ಬರೆದುಕೊಂಡು ಬರುತ್ತೇನೆ ಎಂದು ಹೊರಟಿದ್ದೆ. ಅದು ಸುಳ್ಳಲ್ಲ. ಆದರೆ ಅದು ಅರ್ಧ ನಿಜ. ಉಳಿದರ್ಧದ ಹೆಸರು ಚನ್ನಬಸಪ್ಪ. ಅವನು ಹಿರೇಕೆರೂರಿನಲ್ಲಿದ್ದಾನೆ.

ಶಿಗ್ಗಾವಿಗೆ ಐವತ್ತು ಕಿಲೋಮೀಟರಿಗೆ ತುಸು ಹೆಚ್ಚು. ಕಿಟಕಿಯಿಂದ ಥಂಡಿ ಗಾಳಿ. ಹೆದ್ದಾರಿಯ ಪಕ್ಕದ ರಸ್ತೆಯ ಅರ್ಧಕ್ಕೆ ಗೋವಿನಜೋಳ ಹರವಿದ್ದರು. ಕಂಡಕ್ಟರು ನನ್ನ ಮಾಜಿ ಸೈನಿಕರ ಟೋಪಿ ನೋಡಿ ಪಕ್ಕದಲ್ಲೇ ಕುಳಿತ.

"ಯಾವುದರಾಗ ಇದ್ರಿ ಸರ?"

"ಹೆಲಿಕಾಪ್ಟರ್ ರಿಪೇರಿ ಮಾಡ್ತಿದ್ದೆ."

"ಅಂದ್ರ ಏರ್‌ಫೋರ್ಸು."

"ಅಲ್ಲ, ಆರ್ಮಿ."

"ಆರ್ಮಿಯೊಳಗ ಇಮಾನ ಎಲ್ಲಿ ಬಂತ್ರಿ?" ಎಂದು ನಕ್ಕ. ನಾನೇನೋ ಬಡಾಯಿ ಕೊಚ್ಚುತ್ತಿದ್ದೇನೆ ಎಂಬ ನಗೆ ಅದು.

ಈ ಮಾತನ್ನು ನಾನು ಸಾವಿರ ಸಲ ಕೇಳಿದ್ದೇನೆ. ನಮ್ಮ ಜನಕ್ಕೆ ಹಾರುವುದೆಲ್ಲ ವಾಯುಸೇನೆ, ತೇಲುವುದೆಲ್ಲ ನೌಕಾಸೇನೆ. ಭೂಸೇನೆಗೂ ತನ್ನವೇ ರೆಕ್ಕೆಗಳಿವೆ ಎಂದರೆ ನಂಬುವುದಿಲ್ಲ. ಅದನ್ನು ಶುರು ಮಾಡಿದವರು ತೋಪಿನವರು. ತೋಪಿನ ಗುಂಡು ಗುಡ್ಡದಾಚೆ ಬೀಳುತ್ತದೆ; ಹಾರಿಸಿದವನಿಗೆ ಅದು ಎಲ್ಲಿ ಬಿತ್ತೆಂದು ಕಾಣುವುದಿಲ್ಲ. ಎರಡನೆಯ ಮಹಾಯುದ್ಧದ ಕಾಲಕ್ಕೆ ಬ್ರಿಟಿಷರು ತೋಪಿನ ಅಧಿಕಾರಿಗಳಿಗೇ ಸಣ್ಣ ವಿಮಾನ ಹಾರಿಸಲು ಕಲಿಸಿ, ಮೇಲಿಂದ ನೋಡಿ ಹೇಳಿ ಎಂದು ಕಳಿಸಿದರು. ಸ್ವಾತಂತ್ರ್ಯ ಬಂದ ಮೇಲೂ ಆ ಪದ್ಧತಿ ನಮ್ಮ ಸೇನೆಯಲ್ಲಿ ಉಳಿಯಿತು. ಮೊದಲು ಬಟ್ಟೆ ಹೊದಿಸಿದ ಪುಟ್ಟ ವಿಮಾನಗಳು, ಆಮೇಲೆ ಚೇತಕ್, ಚೀತಾ ಎಂಬ ಹೆಲಿಕಾಪ್ಟರುಗಳು. ಎಂಬತ್ತರ ದಶಕದ ನಡುವೆ, ಅಣ್ಣತಮ್ಮಂದಿರು ಬೇರೆಯಾದ ಹಾಗೆ, ಹಾರುವವರು ತೋಪಿನವರಿಂದ ಬೇರೆಯಾಗಿ ಭೂಸೇನೆಯೊಳಗೇ ತಮ್ಮದೊಂದು ದಳ ಮಾಡಿಕೊಂಡರು. ನಾನು ಸೇರಿದ್ದು ಆ ಹೊತ್ತಿಗೇ. ಇಷ್ಟನ್ನೆಲ್ಲ ಕಂಡಕ್ಟರಿಗೆ ಹೇಳಿ ಮುಗಿಸುವಷ್ಟರಲ್ಲಿ ಶಿಗ್ಗಾವಿ ಬಂತು. "ಹೌದೇನ್ರಿ?" ಎಂದು ಅವನು ಎದ್ದು ಹೋದ. ನಂಬಿದಂತೆ ಕಾಣಲಿಲ್ಲ.

ಶಿಗ್ಗಾವಿಯ ನಿಲ್ದಾಣದ ಎದುರಿಗೆ ಗಿರ್ಮಿಟ್ ತಿಂದು, ಎರಡು ಬಿಸಿ ಮಿರ್ಚಿಯನ್ನೂ ತಿಂದೆ. ನಲವತ್ತು ರೂಪಾಯಿ. ಆಮೇಲೆ ಝೆರಾಕ್ಸ್ ಅಂಗಡಿಗೆ ಹೋಗಿ ಫೋಟೊದ ಪ್ರತಿ ತೆಗೆಸಿದೆ. ಅಂಗಡಿಯಲ್ಲಿದ್ದ ಹೆಣ್ಣುಮಗಳು ಫೋಟೊವನ್ನು ಬೆಳಕಿಗೆ ಹಿಡಿದಳು. ಹಿಮದ ಗುಡ್ಡ, ಅದರ ಮುಂದೆ ಚೀತಾ, ಅದರ ಮುಂದೆ ನಾವಿಬ್ಬರು.

"ಅಜ್ಜಾರ, ನಿಮ್ಮ ಹೆಗಲ ಮ್ಯಾಲೆ ಕೈ ಇಟ್ಟಾರಲ್ಲ, ಇವ್ರು ಯಾರ್ರಿ? ನಿಮ್ಮ ತಮ್ಮನೇನು?"

ನನಗಿನ್ನೂ ಅರವತ್ತೊಂದು, ಅಜ್ಜ ಅಂದದ್ದಕ್ಕೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನೂ ಹೆಗಲು ಮುಟ್ಟಿಕೊಂಡೆ. "ದೋಸ್ತ" ಎಂದು ಹೇಳಿ ಹೊರಗೆ ಬಂದು ನೆರಳಲ್ಲಿ ನಿಂತೆ.

ವಿಷಯ ಇಷ್ಟು. ನಮ್ಮ ಘಟಕದಲ್ಲಿ ಒಂದು ರೂಢಿಯಿತ್ತು. ಯಾವ ಮೆಕ್ಯಾನಿಕ್ ಹೆಲಿಕಾಪ್ಟರನ್ನು ದುರಸ್ತಿ ಮಾಡಿ 'ಇದು ಹಾರಲು ಯೋಗ್ಯ' ಎಂದು ಪುಸ್ತಕದಲ್ಲಿ ಸಹಿ ಮಾಡುತ್ತಾನೋ, ಮೊದಲ ಹಾರಾಟಕ್ಕೆ ಅವನೇ ಪೈಲಟ್ ಪಕ್ಕ ಹತ್ತಬೇಕು. ಬೇರೆ ಯಾವ ತಪಾಸಣೆಯೂ ಇದಕ್ಕೆ ಸಮನಲ್ಲ. ಹತ್ತಬೇಕು ಎಂದು ಗೊತ್ತಿದ್ದವನು ನಟ್ಟನ್ನು ಮೂರು ಸಲ ಬಿಗಿಯುತ್ತಾನೆ. ಮೂವತ್ತೊಂದು ವರ್ಷದ ಹಿಂದೆ ಒಂದು ಬೆಳಿಗ್ಗೆ ನಾನು ಸಹಿ ಮಾಡಿದೆ. ಕೆಲಸ ಚೊಕ್ಕ ಮಾಡಿದ್ದೆ. ಆದರೆ ಹಿಂದಿನ ವಾರ ನೆರೆಯ ಘಟಕದ ಒಂದು ಯಂತ್ರ ಹೋದದ್ದು ವಾಪಸ್ಸು ಬಂದಿರಲಿಲ್ಲ. ಆವತ್ತು ನನ್ನ ಕಾಲು ಏಳಲಿಲ್ಲ. ಹೊಟ್ಟೆನೋವು ಎಂದೆ. "ನೀ ಮಲಗು, ನಾ ಹೋಗಿ ಬರ್ತೇನಿ" ಎಂದು ಚನ್ನಬಸಪ್ಪ ಹತ್ತಿದ. ಇಳಿಯುವಾಗ ಗಾಳಿ ಹೊಡೆದು ಯಂತ್ರ ಕಲ್ಲುಗಳ ಮೇಲೆ ಬಿತ್ತು. ಪೈಲಟ್ ಉಳಿದರು, ಇವನೂ ಉಳಿದ. ಇವನ ಬಲಗಾಲು ಉಳಿದೂ ಉಳಿಯದ ಹಾಗಾಯಿತು. ಗಾಳಿಯಿಂದಲೇ ಆದದ್ದು, ದುರಸ್ತಿಯಲ್ಲಿ ತಪ್ಪಿಲ್ಲ ಎಂದು ವಿಚಾರಣೆಯಲ್ಲಿ ಬರೆದರು. ನನ್ನ ಸಹಿಗೆ ಕಲೆ ಹತ್ತಲಿಲ್ಲ. ಅವನು ಪಿಂಚಣಿ ತೆಗೆದುಕೊಂಡು ಊರಿಗೆ ಹೋದ. ಆ ಹೊಟ್ಟೆನೋವು ಸುಳ್ಳೆಂದು ನಾನು ಅವನಿಗೆ ಈವರೆಗೂ ಹೇಳಿಲ್ಲ. ಹೇಳಲಿಕ್ಕೇ ಹೊರಟಿದ್ದೆ.

ಸವಣೂರಿಗೆ ಮುಟ್ಟಿದಾಗ ಹನ್ನೊಂದು ಗಂಟೆ. ಬಸ್ಸಿನಲ್ಲಿ ವೀಳ್ಯದೆಲೆಯ ಪೆಂಡಿಗಳ ನಡುವೆ ಕುಳಿತು ಬಂದೆ. ಇಳಿದಾಗ ನನ್ನ ಅಂಗಿಯೂ ಎಲೆಯ ವಾಸನೆ ಹೊಡೆಯುತ್ತಿತ್ತು. ಇಲ್ಲಿ ನೋಡಬೇಕಾಗಿದ್ದವರು ಖಾದರಸಾಬರು. ಎಂಬತ್ತು ದಾಟಿದ್ದಾರೆ. ಪೇಟೆಯ ಓಣಿಯಲ್ಲಿ ಅವರದೊಂದು ದರ್ಜಿ ಅಂಗಡಿ. ಈಗ ಮಗಳು ಶಮೀಮ್ ನಡೆಸುತ್ತಾರೆ. ಖಾದರಸಾಬರು ನಮ್ಮ ಕಾಲಕ್ಕೆ ಹಿಂದಿನವರು, ಬಟ್ಟೆ ಹೊದಿಸಿದ ವಿಮಾನಗಳ ಕಾಲದವರು.

"ಇಮಾನಕ್ಕ ಅಂಗಿ ಹೊಲದಾಂವ ನಾ," ಎಂದು ಪರಿಚಯ ಹೇಳಿಕೊಂಡರು. "ಬರ್ರಿ, ಮ್ಯಾಲೆ ಕುಂದರ್ರಿ."

ಅವರು ಹೊಲಿದ ವಿಮಾನದ ಹೆಸರು ಕೃಷಕ್. ರೈತ! ನಮ್ಮ ಸೀಮೆಯವರಿಗೆ ಇದಕ್ಕಿಂತ ಒಪ್ಪುವ ಹೆಸರು ಬೇಕೆ? ಕೊಳವೆಗಳ ಚೌಕಟ್ಟು, ಅದರ ಮೇಲೆ ಬಿಗಿದ ಬಟ್ಟೆ, ಬಟ್ಟೆಯ ಮೇಲೆ ಘಾಟು ವಾಸನೆಯ ಅರಗಿನಂಥದ್ದನ್ನು ಬಳಿದರೆ ಅದು ಒಣಗಿ ಬಾರಿಸುವ ಹಲಗಿಯ ಚರ್ಮದಷ್ಟು ಬಿಗಿಯಾಗುತ್ತಿತ್ತಂತೆ. ಹೊಲಿಗೆ ಹೇಗೆ ಎಂದು ಕೇಳಿದೆ. ಮುದುಕರು ಸೂಜಿ ದಾರ ತೆಗೆದು, ಚೂರು ಬಟ್ಟೆಯ ಮೇಲೆ ಹೊಲಿದೇ ತೋರಿಸಿದರು. ಕೈ ನಡುಗುತ್ತಿತ್ತು, ಹೊಲಿಗೆ ನಡುಗಲಿಲ್ಲ.

"ಒಂದ ದಾರದಾಗ ಉದ್ದಕ ಹೊಲದ್ರ, ಒಂದ ಕಡೆ ಹರೀತಂದ್ರ ಪೂರಾ ರೆಕ್ಕಿ ಬಿಚ್ಚಿ ಬರ್ತೈತಿ. ನಾಕ ಬೆರಳಿಗೊಂದ ಗಂಟ ಹಾಕಬೇಕು. ಹರದ್ರೂ ಅಷ್ಟ ಹರೀತೈತಿ, ಮುಂದ ಹೋಗೂದಿಲ್ಲ."

ಶಮೀಮ್ ಮಿಶಿನ್ ನಿಲ್ಲಿಸಿ ನಕ್ಕರು. "ಸಾಲಿ ಹುಡುಗರ ಚೊಣ್ಣಕ್ಕೂ ಹಂಗ ಗಂಟ ಹಾಕು ಅಂತಾರ್ರಿ ಅಬ್ಬಾ. ಇದು ಇಮಾನ ಅಲ್ಲ ಅಂದ್ರ ಕೇಳೂದಿಲ್ಲ."

"ಹುಡುಗೂರು ಇಮಾನಕ್ಕಿಂತ ಜಾಸ್ತಿ ಜಿಗೀತಾವು," ಎಂದರು ಮುದುಕರು.

ಚಹಾ ಬಂತು, ಜೊತೆಗೆ ತಟ್ಟೆಯ ತುಂಬ ಸವಣೂರು ಖಾರ, ಆ ಊರಿನ ಹೆಸರಾದ ಕುರುಕಲು. ತಿನ್ನುತ್ತ ತಿನ್ನುತ್ತ ಕೇಳಿದೆ: ಹೊಲಿದವನೇ ಮೊದಲು ಹತ್ತಬೇಕು ಎಂಬ ರೂಢಿ ನಿಮ್ಮಲ್ಲೂ ಇತ್ತೇನು?

"ಇತ್ತಲ್ಲ! ಪೈಲಟ್‌ನ ಹಿಂದ ಕುಂದರಸ್ತಿದ್ರು. ನಾ ಹೊಲದ ರೆಕ್ಕಿ ನನ್ನ ಕಣ್ಣಮುಂದ ಪಟಪಟ ಅನ್ನಾಕತ್ತಿರ್ತಿತ್ತು. ಕಣ್ಣ ಮುಚ್ಚಿ ಅಲ್ಲಾನ ನೆನಸ್ಕೋತ ಕೂಡ್ತಿದ್ದೆ."

"ಹೆದರಿಕಿ ಆಗ್ತಿತ್ತೇನ್ರಿ?"

"ಆಗದ ಮತ್ತ? ಸಾಯೇಬ್ರಿಗೆ ಹೇಳೇ ಹತ್ತತಿದ್ದೆ, ಸಾಬ್, ಹೆದರಿಕಿ ಆಗಾಕತ್ತೈತಿ ಅಂತ. ಅವ್ರು ನಗತಿದ್ರು. ಹೆದರಿಕಿ ಇದ್ದಾಂವನ ಹೊಲಿಗಿ ಗಟ್ಟಿ ಇರ್ತೈತಿ ಅಂತಿದ್ರು."

ಎಷ್ಟು ಸಲೀಸಾಗಿ ಹೇಳಿಬಿಟ್ಟರು! ಹೆದರಿಕೆ ಆಗುತ್ತಿದೆ ಎಂಬ ಎರಡು ಮಾತು ನನ್ನ ಬಾಯಿಂದ ಆ ಬೆಳಿಗ್ಗೆ ಬಂದಿದ್ದರೆ ಏನು ಗಂಟು ಹೋಗುತ್ತಿತ್ತು? ನನಗೆ ನನ್ನ ಮೇಲೇ ಅಸಹ್ಯವಾಯಿತು. ನನ್ನ ಮುಖ ನೋಡಿ, ಖಾರ ನೆತ್ತಿಗೇರಿತೆಂದು ತಿಳಿದು ಶಮೀಮ್ ನೀರು ಕೊಟ್ಟರು.

ಬಂಕಾಪುರದಲ್ಲಿ ಬಸ್ಸು ಬದಲಿಸಿ ಹಾನಗಲ್ಲು ಮುಟ್ಟುವಾಗ ನಾಲ್ಕೂವರೆ. ಬಂಕಾಪುರದಲ್ಲೇ ಒಂದೂವರೆ ತಾಸು ಕಾದೆ. ಹಾನಗಲ್ಲು ಹತ್ತಿರ ಬಂದಂತೆ ಭತ್ತದ ಗದ್ದೆಗಳು. ಕೆಲವು ಕೊಯ್ದಿದ್ದವು, ಕೆಲವು ಹಳದಿಯಾಗಿ ನಿಂತಿದ್ದವು. ನಿಂಗನಗೌಡರ ಮನೆಯಲ್ಲಿ ಉಳಿಯುವುದೆಂದು ಮೊದಲೇ ಫೋನ್ ಮಾಡಿದ್ದೆ. ಗೌಡರು ತೋಪಿನವರು, ನನಗಿಂತ ಹದಿನೈದು ವರ್ಷ ದೊಡ್ಡವರು. ತಮ್ಮ ಸೇವೆಯಿಡೀ ನೆಲದ ಮೇಲೆ ತೋಪಿನ ಪಕ್ಕದಲ್ಲೇ ಕಳೆದವರು. ವಿಮಾನ ಒಂದು ದಿನವೂ ಹತ್ತಿಲ್ಲ. ಆದರೂ ಮೇಲೆ ಹಾರುವವರ ಧ್ವನಿಯನ್ನು ರೇಡಿಯೊದಲ್ಲಿ ಕೇಳಿ ಕೇಳಿ, ಯಾರು ಮಾತಾಡುತ್ತಿದ್ದಾರೆಂದು ಕೆಮ್ಮಿನಲ್ಲೇ ಗುರುತಿಸುತ್ತಿದ್ದರಂತೆ.

"ಎಡಗಿವಿ ತೋಪಿಗೆ ಕೊಟ್ಟೇನಿ. ಬಲಕ್ಕ ಬಂದು ಕುಂದರ್ರಿ," ಎಂದರು. ಬಲಗಿವಿಯೂ ಅಷ್ಟೇನೂ ಚೊಕ್ಕ ಇರಲಿಲ್ಲ.

ಕಟ್ಟೆಯ ಮೇಲೆ ಕುಳಿತು ಅವರು ಹೇಳಿದ್ದನ್ನೆಲ್ಲ ಬರೆದುಕೊಂಡೆ. ಆಮೇಲೆ, ಹಿರೇಕೆರೂರಿಗೆ ಯಾಕೆ ಹೊರಟಿದ್ದೀರಿ ಎಂದು ಕೇಳಿದರು. ಅವರಿಗಾದರೂ ಹೇಳಿ ನೋಡೋಣ, ನಾಳೆಗೆ ರೂಢಿಯಾದೀತು ಎಂದುಕೊಂಡು ಮೆಲ್ಲಗೆ ಶುರು ಮಾಡಿದೆ. ಕೇಳಿಸಲಿಲ್ಲ. ಜೋರು ಮಾಡಿದೆ. "ಏನು ನೂವು?" ಎಂದರು. "ಹೊಟ್ಟಿನೂವು ಸುಳ್ಳರೀ! ನಾ ಹೆದರಿದ್ದೆ!" ಎಂದು ಒದರಿದೆ. ಎದುರುಮನೆಯ ಕಟ್ಟೆಯಲ್ಲಿ ಅಕ್ಕಿ ಆರಿಸುತ್ತಿದ್ದ ಹೆಂಗಸು ಕೈ ನಿಲ್ಲಿಸಿ ನನ್ನನ್ನು ನೋಡಿದಳು. ಮೂವತ್ತೊಂದು ವರ್ಷ ಹೆಂಡತಿಗೂ ಹೇಳದ ಮಾತು ಹಾನಗಲ್ಲಿನ ಒಂದು ಓಣಿಗೆಲ್ಲ ಗೊತ್ತಾಯಿತು.

ಗೌಡರು ನಗಲಿಲ್ಲ. "ಮೊದಲನೇ ಗುಂಡು ಯಾವತ್ತೂ ತಪ್ಪೇ ಬೀಳ್ತೈತಿ," ಎಂದರು. "ಮ್ಯಾಲಿದ್ದಾಂವ ಎಷ್ಟ ತಪ್ಪಿತು ಅಂತ ಹೇಳಿದ್ರ ಎರಡನೇದು ಸರಿ ಬೀಳ್ತೈತಿ. ಅಂವ ಸುಮ್ನಿದ್ರ ನಾವು ತಪ್ಪು ಜಾಗಾಕ್ಕ ಹೊಡಕೋತ ಇರ್ತೇವಿ. ನೀವು ಹೋಗಿ ಹೇಳ್ರಿ. ಅಷ್ಟ." ಆಮೇಲೆ ಊಟಕ್ಕೆ ಎದ್ದರು. ಹೊಸ ಅಕ್ಕಿಯ ಅನ್ನ, ಬದನೆಕಾಯಿ ಪಲ್ಯ, ಮೊಸರು. ಎಂಟಕ್ಕೆಲ್ಲ ಮಲಗಿದೆವು.

ಬುಧವಾರ ಬೆಳಿಗ್ಗೆ ಹಾನಗಲ್ಲಿನ ನಿಲ್ದಾಣದಲ್ಲಿ ಎರಡು ಬಸ್ಸು ಪಕ್ಕಪಕ್ಕ ನಿಂತಿದ್ದವು. ಒಂದು ಹಿರೇಕೆರೂರಿಗೆ, ಇನ್ನೊಂದು ಹುಬ್ಬಳ್ಳಿಗೆ. ನಾಚಿಕೆ ಬಿಟ್ಟು ಬರೆಯುತ್ತೇನೆ: ನಾನು ಹುಬ್ಬಳ್ಳಿ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದೆ. ನಾಲ್ಕು ಪುಟಕ್ಕೆ ಬೇಕಾದದ್ದು ಸಿಕ್ಕಿತ್ತಲ್ಲ, ಇನ್ನೇನು ಎಂದು ಮನಸ್ಸು ಹೇಳುತ್ತಿತ್ತು. ಆಗ ಕಂಡಕ್ಟರು, "ಜಲ್ದಿ ಹತ್ರಿ ಯಜಮಾನ್ರ, ಹತ್ತೋರು ಹತ್ರಿ, ಇಳಿಯೋರು ಇಳೀರಿ" ಎಂದು ಕೂಗಿದ. ಇಳಿದೆ.

ಹಿರೇಕೆರೂರಿಗೆ ಸುಮಾರು ಎರಡು ತಾಸು. ದಾರಿಯುದ್ದಕ್ಕೂ ಹತ್ತಿ ಬಿಡಿಸುವವರು, ಗೋವಿನಜೋಳದ ರಾಶಿ. ಇಳಿದು ಚಹಾದಂಗಡಿಯಲ್ಲಿ ಕೇಳಿದೆ. "ಮಿಲ್ಟ್ರಿ ಚನ್ನಬಸಣ್ಣಾರ ಅಂಗಡಿ ಏನ್ರಿ? ಮೋಟರ್ ಕಟ್ತಾರಲ್ಲ? ಕೆರಿ ಕಡೆ ಇಳಿಜಾರದಾಗ ಹೋಗ್ರಿ" ಎಂದರು. ಅವನು ಕೆಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದಾನೆ. ಇಬ್ಬರಿಗೆ ಕೆಲಸ ಕೊಟ್ಟಿದ್ದಾನೆ. ಮನೆ ಅಂಗಡಿಯ ಹಿಂದೆಯೇ.

ನಾನು ಮೊದಲು ಗುರುತಿಸಿದ್ದು ಅವನನ್ನಲ್ಲ, ಗೋಡೆಯನ್ನು. ಹಲಗೆಯ ಮೇಲೆ ನಟ್ಟು ಬಿಗಿಯುವ ಪ್ರತಿಯೊಂದು ಪಾನಾ, ಇಕ್ಕಳ, ಸುತ್ತಿಗೆಯ ಆಕಾರವನ್ನು ಕೆಂಪು ಬಣ್ಣದಲ್ಲಿ ಬರೆದು, ಅದರ ಮೇಲೆ ಆಯಾ ಹತ್ಯಾರ ತೂಗುಹಾಕಿದ್ದ. ನಮ್ಮ ಘಟಕದ ಪದ್ಧತಿ. ಒಂದು ಹತ್ಯಾರ ಕಡಿಮೆಯಿದ್ದರೆ ಕೆಂಪು ಕಾಣುತ್ತದೆ. ಅದು ಸಿಗುವವರೆಗೆ ಹೆಲಿಕಾಪ್ಟರು ಏಳಬಾರದು, ಯಾಕೆಂದರೆ ಮರೆತ ಪಾನಾ ಯಂತ್ರದೊಳಗೇ ಇರಬಹುದು. ಆ ಹಲಗೆಯ ಕೆಳಗೆ, ಬಲಗಾಲನ್ನು ಸ್ಟೂಲಿನ ಮೇಲೆ ಚಾಚಿ ಅವನು ಕುಳಿತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿದೆ.

"ಬಂದ್ಯಾ?" ಎಂದ.

"ಬಂದೆ."

ಅವನ ಹೆಂಡತಿ ಕಮಲಕ್ಕ ಚಹಾ ತಂದಿಟ್ಟು, "ಅಣ್ಣಾರ, ಬರೀ ಫೋಟೋದಾಗ ನೋಡಿದ್ದೆ ನಿಮ್ಮನ್ನ" ಎಂದು ಒಳಗೆ ಹೋದರು. ಇನ್ನು ತಡೆದರೆ ಮತ್ತೆ ಮೂವತ್ತು ವರ್ಷವಾದೀತೆಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. ಆವತ್ತಿನ ಹೊಟ್ಟೆನೋವು ಸುಳ್ಳು ಎಂದೆ.

ಅವನು ಚಹಾ ಕುಡಿದು ಕಪ್ಪು ಕೆಳಗಿಟ್ಟ. "ಗೊತ್ತಿತ್ತು."

"ಹ್ಯಾಂಗ?"

"ಲೇ ಈರ್ಯಾ, ಅವತ್ತ ನಾಷ್ಟಾಕ್ಕ ಪೂರಿ ಇದ್ವು. ನೀ ಆರ ತಿಂದಿ. ಹೊಟ್ಟಿನೂವು ಇದ್ದಾಂವ ಆರ ಪೂರಿ ತಿಂತಾನೇನು?"

"ಗೊತ್ತಿದ್ದೂ ಯಾಕ ಹತ್ತಿದಿ?"

"ಹೆದರಿದಾಂವನ್ನ ಹತ್ತಸಬಾರದು. ಅದಕ್ಕ." ಕಾಲನ್ನು ಸ್ವಲ್ಪ ಸರಿಸಿಕೊಂಡ. "ಕಾಲಿನ ಸಿಟ್ಟಿಲ್ಲ ನಂಗ. ಗಾಳಿ ಒಗೀತು, ಬಿದ್ವಿ. ನೀ ಹತ್ತಿದ್ರೂ ಬೀಳತಿತ್ತು. ಸಿಟ್ಟ ಇರೂದು ಬ್ಯಾರೇದಕ್ಕ. ದವಾಖಾನ್ಯಾಗ ಏಳ ತಿಂಗಳು ಬಾಗಲಾ ನೋಡ್ಕೋತ ಬಿದ್ದಿದ್ದೆ. ಇವತ್ತ ಬರ್ತಾನ, ನಾಳೆ ಬರ್ತಾನ ಅಂತ. ಎರಡ ಪತ್ರಾ ಬರದೆ. ಒಂದಕ್ಕರ ಉತ್ತರಾ ಕೊಟ್ಟಿ ಏನು?"

ಕೊಟ್ಟಿರಲಿಲ್ಲ. ಎರಡೂ ಪತ್ರ ನನ್ನ ಟ್ರಂಕಿನಲ್ಲಿ ಇವತ್ತಿಗೂ ಇವೆ. ದಾರಿಯುದ್ದಕ್ಕೂ ನಾನು ಒಂದು ಸುಳ್ಳನ್ನು ಒಪ್ಪಿಕೊಳ್ಳಲು ಹೊರಟಿದ್ದೇನೆಂದು ತಿಳಿದಿದ್ದೆ. ಗೌಡರು ಹೇಳಿದ ಗುಂಡಿನ ಹಾಗೆ, ತಪ್ಪು ಬಿದ್ದ ಜಾಗ ಬೇರೆಯೇ ಇತ್ತು. ಅವನ ಮುಂದೆಯೇ ಅತ್ತೆ. ಅವನು ಸಮಾಧಾನ ಮಾಡಲಿಲ್ಲ, ಬೇಡವೆಂದೂ ಹೇಳಲಿಲ್ಲ. ಅತ್ತು ಮುಗಿಯಲಿ ಎಂದು ಕಾದ. ಆಮೇಲೆ ಕೋಲಿನಿಂದ ಹೊರಗೆ ತೋರಿಸಿದ. ಹಿಂದಿನ ಗಾಲಿಯ ಎರಡೂ ಪಕ್ಕಕ್ಕೆ ಇನ್ನೆರಡು ಗಾಲಿ ಕೂಡಿಸಿದ ಅವನ ಸ್ಕೂಟರು ನಿಂತಿತ್ತು.

"ಅದರ ಹಿಂದಿನ ಬ್ರೇಕ ಹಿಡಿಯವಲ್ದು. ನೀ ಮಾಡು."

"ನಿನ್ನ ಕೆಲಸದವರು ಅದಾರಲ್ಲ?"

"ಅವ್ರು ಮೋಟರ್ ಕಟ್ತಾರ. ನೀ ಮಾಡು."

ಅಂಗಿಯ ತೋಳು ಮಡಿಚಿ ನೆಲಕ್ಕೆ ಕುಳಿತೆ. ಬ್ರೇಕಿನ ಕೇಬಲ್ಲಿನ ಎಳೆಗಳು ಹರಿದು ಮೂರ್ನಾಲ್ಕು ಉಳಿದಿದ್ದವು. ಕೆಲಸದವನೊಬ್ಬ ಪೇಟೆಯಿಂದ ಹೊಸ ಕೇಬಲ್ ತಂದ. ಹಾಕಿದೆ, ಎಳೆದೆ, ನಟ್ಟನ್ನು ಮೂರು ಸಲ ಬಿಗಿದೆ. ಒಂದು ತಾಸು ಹಿಡಿಯಿತು. ಚನ್ನಬಸಪ್ಪ ಕುರ್ಚಿಯಲ್ಲಿ ಕುಳಿತು ನನ್ನ ಕೆಲಸ ನೋಡಿದ. ಕೊನೆಗೆ ಹಲಗೆಯ ಕಡೆ ಕಣ್ಣಾಡಿಸಿ, "ಹದಿನಾಕರ ಪಾನಾ?" ಎಂದ. ಹಲಗೆಯಲ್ಲಿ ಒಂದು ಕೆಂಪು ಗುರುತು ಬೋಳಾಗಿತ್ತು. ಪಾನಾ ನನ್ನ ಅಂಗಿಯ ಜೇಬಿನಲ್ಲಿತ್ತು. ತೆಗೆದು ತೂಗುಹಾಕಿದೆ. ಇಬ್ಬರೂ ಮೊದಲ ಸಲ ನಕ್ಕೆವು.

ಅಂಗಡಿಯ ಕೆಲಸದ ಪುಸ್ತಕ ನನ್ನ ಮುಂದೆ ಇಟ್ಟ. "ಸಹಿ ಮಾಡು."

ಮಾಡಿದೆ. ಅವನು ಎದ್ದು, ಕೋಲನ್ನು ಗೋಡೆಗೆ ಆನಿಸಿ, ಸ್ಕೂಟರಿನ ಮೇಲೆ ಕುಳಿತ. ಹಿಂದಿನ ಸೀಟನ್ನು ಅಂಗೈಯಿಂದ ತಟ್ಟಿದ. "ಹತ್ತು."

ಅಂಗಡಿಯಿಂದ ಕೆರೆಯವರೆಗೆ ರಸ್ತೆ ಒಂದೇ ಸಮನೆ ಇಳಿಯುತ್ತದೆ. ತುದಿಗೆ ಏರಿಯ ಕಲ್ಲುಗಳು. ಇಳಿಜಾರಿನ ನೆತ್ತಿಯಲ್ಲಿ ಅವನು ಸ್ಕೂಟರ್ ನಿಲ್ಲಿಸಿ, ಹಿಂದೆ ತಿರುಗದೆ ಕೇಳಿದ.

"ಹೊಟ್ಟಿ ಹ್ಯಾಂಗೈತಿ?"

"ಹೊಟ್ಟಿ ಬರೋಬ್ಬರಿ ಐತಿ," ಎಂದೆ. "ಹೆದರಿಕಿ ಆಗಾಕತ್ತೈತಿ."

"ನಂಗೂ," ಎಂದ ಚನ್ನಬಸಪ್ಪ. "ಗಟ್ಟ್ಯಾಗಿ ಹಿಡಕೋ."

ಅವನ ಹೆಗಲ ಮೇಲೆ ಕೈ ಇಟ್ಟೆ. ಕಲ್ಲುಗಳು ಹತ್ತಿರ ಬರುವವರೆಗೂ ಅವನು ಬ್ರೇಕ್ ಮುಟ್ಟಲಿಲ್ಲ, ಬೇಕಂತಲೇ. ಮುಟ್ಟಿದಾಗ ಸ್ಕೂಟರು ನಿಂತಿತು.

ಊಟ ಮಾಡಿಸಿ, ಮೂರೂವರೆಯ ಬಸ್ಸಿಗೆ ಅದೇ ಸ್ಕೂಟರಿನಲ್ಲಿ ತಂದು ಬಿಟ್ಟ. ಇದನ್ನೆಲ್ಲ ಬರೆಯಲೇನು ಎಂದು ಕೇಳಿದೆ. "ಬರೀ. ಆರ ಪೂರಿ ಅಂತನೂ ಬರೀ," ಎಂದ. ಹಾವೇರಿ ಮೇಲೆ ಹುಬ್ಬಳ್ಳಿಗೆ ನೇರ ಬಸ್ಸು. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಬಸ್ಸು ಅಲುಗಾಡಿದಾಗ ಹೊರಗೆ ನೋಡಿದೆ. ಅವನು ಸ್ಕೂಟರಿಗೆ ಸೊಂಟ ಆನಿಸಿ ನಿಂತು, ಎರಡೂ ಕೈಗಳನ್ನು ಅಗಲಕ್ಕೆ ಚಾಚಿ, ಅಂಗೈ ಮೇಲೆ ಮಾಡಿ, ನಿಧಾನಕ್ಕೆ ಎತ್ತಿದ. ಹೆಲಿಕಾಪ್ಟರು ಏಳಲಿ ಎಂದು ನೆಲದ ಮೇಲಿನವನು ಪೈಲಟ್‌ಗೆ ಮಾಡುವ ಕೈಸನ್ನೆ ಅದು.

ಕಂಡಕ್ಟರು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದ. "ಅವ್ರೇನ್ರಿ ಹಿಂಗ ಮಾಡಾಕತ್ತಾರ? ಏರ್‌ಫೋರ್ಸ್‌ನವ್ರೇನು?"

"ಅಲ್ರೀ," ಎಂದೆ. "ಆರ್ಮಿ. ನನ್ನ ದೋಸ್ತ."